ಒಂದೇ ಅಕ್ಷರದಿಂದ ಶುರುವಾಗುವ ಐದಕ್ಷರದ ಇಂಗ್ಲಿಷ್ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವಿನ ಚಿತ್ರಕ್ಕಿಂತ ಮೊದಲು ಬರುವುದು ಹಸಿರು, ಹಳದಿ, ಬೂದು ಚೌಕಗಳು. ಎಲ್ಲರಿಗೂ ವರ್ಡಲ್ ಹುಚ್ಚು. ದಿನಕ್ಕೊಂದು ಐದಕ್ಷರದ ಇಂಗ್ಲಿಷ್ ಪದವನ್ನು ಆರು ಊಹೆಯೊಳಗೆ ಕಂಡುಹಿಡಿಯುವ ಆನ್‌ಲೈನ್ ಆಟ ಅದು. ಊಹಿಸಿದ ಪದದ ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಜಾಗ ಬೇರೆಯಾದರೆ ಹಳದಿ, ಇಲ್ಲದಿದ್ದರೆ ಬೂದು. ದಾವಣಗೆರೆಯಲ್ಲಿ ಅಮ್ಮ, ಬೆಂಗಳೂರಿನಲ್ಲಿ ನಾನು, ಡಲ್ಲಾಸ್‌ನಲ್ಲಿ ಅಕ್ಕ. ಆಟದ ಪದ ಆಯಾ ಊರಿನ ನಡುರಾತ್ರಿಗೆ ಬದಲಾಗುತ್ತದೆ. ಹಾಗಾಗಿ ನಮಗೆ ಸಿಕ್ಕ ಪದ ಅಕ್ಕನಿಗೆ ಸಿಗುವುದು ಹತ್ತು ಹನ್ನೊಂದು ಗಂಟೆ ತಡವಾಗಿ. ಅಷ್ಟರೊಳಗೆ ಅಮ್ಮ ಉತ್ತರ ಬಾಯಿಬಿಟ್ಟರೆ ಮುಗೀತು, ಆ ದಿನವೆಲ್ಲ ಜಗಳ.

ಈ ಆಟಕ್ಕೆ ಅಂತಲೇ ನಾನು ಐದಕ್ಷರದ ಪದಗಳನ್ನು ಮೊದಲಕ್ಷರದ ಪ್ರಕಾರ ವಿಂಗಡಿಸಿ ಇಟ್ಟುಕೊಂಡೆ. ವಿಷಯ ಗೊತ್ತಾಗಿ ನೆಂಟರು, ಆಫೀಸಿನವರು, ಪಕ್ಕದ ಮನೆಯ ಮಕ್ಕಳು ಎಲ್ಲರೂ ಕೇಳುವುದಕ್ಕೆ ಶುರು ಮಾಡಿದರು. ಜಾಸ್ತಿ ಸಲ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇಂಗ್ಲಿಷ್ ಪದಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಸ್ಪೆಲ್ಲಿಂಗ್ ಮುಖ್ಯವಾದ ಕಡೆ ಮಾತ್ರ ಅಕ್ಷರ ಬಿಡಿಸಿದ್ದೇನೆ.

ಐದಕ್ಷರ ಅಂದರೆ ಯಾರ ಲೆಕ್ಕದಲ್ಲಿ? ನಮ್ಮದಾ, ಅವರದಾ?

ಅವರದು. ಅಮ್ಮ ಮೊದಲ ವಾರ ಎಡವಿದ್ದೇ ಇಲ್ಲಿ. ‘ಬನಾನಾ ಮೂರಕ್ಷರ ತಾನೆ?’ ಅಂದರು. ನಮ್ಮ ಲೆಕ್ಕಕ್ಕೆ ಮೂರು ಸರಿ, ಬ-ನಾ-ನಾ. ಇಂಗ್ಲಿಷಿನಲ್ಲಿ ಬರೆದರೆ ಆರು. ನಾವು ಸ್ವರ, ವ್ಯಂಜನ, ಒತ್ತು ಎಲ್ಲ ಸೇರಿಸಿ ಒಂದು ಅಕ್ಷರ ಎನ್ನುತ್ತೇವೆ. ಅವರು ಒಂದೊಂದು ಚಿಹ್ನೆಯನ್ನೂ ಬಿಡಿಬಿಡಿಯಾಗಿ ಎಣಿಸುತ್ತಾರೆ.

ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಕ್ಯೂ. ರೇಷನ್ ಅಂಗಡಿ ಮುಂದೆ ನಿಲ್ಲುತ್ತೇವಲ್ಲ, ಅದೇ ಕ್ಯೂ. ನಮ್ಮ ಬರವಣಿಗೆಯಲ್ಲಿ ಒಂದೇ ಅಕ್ಷರ. ಇಂಗ್ಲಿಷಿನಲ್ಲಿ ಕ್ಯು-ಯು-ಇ-ಯು-ಇ, ಸರಿಯಾಗಿ ಐದು. ಮೊದಲನೆಯದು ಮಾತಾಡುತ್ತದೆ, ಉಳಿದ ನಾಲ್ಕು ಸುಮ್ನೆ ಹಿಂದೆ ಸಾಲಾಗಿ ನಿಂತಿವೆ.

ಮೊದಲಕ್ಷರ ಅಂದರೆ ಮೊದಲು ಕೇಳಿಸುವ ಸದ್ದು ಅಲ್ವಾ?

ಅಲ್ಲ. ಕನ್ನಡ ಓದಿ ಬೆಳೆದವರು ಹೆಚ್ಚು ಮೋಸ ಹೋಗುವುದು ಇಲ್ಲೇ. ನಮ್ಮಲ್ಲಿ ಕಿವಿಗೆ ಬಿದ್ದದ್ದು, ಕೈ ಬರೆದದ್ದು ಹೆಚ್ಚು ಕಡಿಮೆ ಒಂದೇ. ಇಂಗ್ಲಿಷಿನ ಈ ಪಟ್ಟಿಗಳು ಕಣ್ಣಿಗಾಗಿ ಇರುವ ಪಟ್ಟಿಗಳು.

‘ಸ’ ಅಂತ ಶುರುವಾಗುವ ಪದ ಯೋಚಿಸಿ ಎಂದರೆ ಸಿವಿಲ್, ಸಿಗಾರ್, ಸೈಕಲ್, ಸಿನಿಕ್ ಎಲ್ಲ ಹೊಳೆಯುತ್ತವೆ. ನಾಲ್ಕೂ ಐದಕ್ಷರದವೇ, ಆದರೆ ನಾಲ್ಕೂ ಸಿ ಪಟ್ಟಿಯಲ್ಲಿವೆ. ಫೋನ್, ಫೋಟೋ, ಫೇಸ್ ಅಂದರೆ ಹಂತ, ಇವು ಎಫ್ ಅಲ್ಲ, ಪಿ. ಸಾಮ್ ಎನ್ನುವ ಭಕ್ತಿಗೀತೆಯೂ ಪಿ ಕೆಳಗೇ ಇದೆ, ಪಿ-ಎಸ್-ಎ-ಎಲ್-ಎಂ. ಜೈಂಟ್, ಜಿಪ್ಸಿ ಎರಡೂ ಜಿ. ರೈಟ್, ರಾಂಗ್, ರಿಸ್ಟ್ ಹುಡುಕಬೇಕಾದರೆ ಡಬ್ಲ್ಯು ಕೆಳಗೆ ನೋಡಿ. ಬಲಗೈ ರೈಟ್ ಮಾತ್ರ ಆರ್ ಕೆಳಗೆ ಇರುತ್ತದೆ.

ಒಂದು ಉಪಾಯ ಹೇಳುತ್ತೇನೆ. ಕಿವಿಗೆ ‘ಸ’ ಹೊಳೆದರೆ ಸಿ ಪಟ್ಟಿಯ ಮೇಲೂ ಒಮ್ಮೆ ಕಣ್ಣಾಡಿಸಿ. ‘ನ’ ಹೊಳೆದರೆ ಕೆ ಮತ್ತು ಜಿ. ‘ಫ’ ಹೊಳೆದರೆ ಪಿ. ‘ರ’ ಹೊಳೆದರೆ ಡಬ್ಲ್ಯು. ಇಷ್ಟು ಅಭ್ಯಾಸವಾದರೆ ಅರ್ಧ ಕೆಲಸ ಆದಂತೆ.

ಇಂಗ್ಲಿಷಿನಲ್ಲಿ ಒಟ್ಟು ಎಷ್ಟು ಐದಕ್ಷರದ ಪದಗಳಿವೆ?

ಯಾರ ಪದಕೋಶ ಎನ್ನುವುದರ ಮೇಲೆ ಹೋಗುತ್ತದೆ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಪ್ರಯೋಗಗಳಿಗಾಗಿ ಕೂಡಿಸಿದ ಪಟ್ಟಿಯಲ್ಲಿ 5,757 ಪದಗಳಿವೆ. (ಅವರ ಹೆಸರೂ ಕೆ-ಎನ್ ಇಂದಲೇ ಶುರು, ಐದೇ ಅಕ್ಷರ, ಆದರೆ ಅಲ್ಲಿ ಕೆ ಸದ್ದು ಮಾಡುತ್ತದೆ.) ವರ್ಡಲ್ ಮೊದಲು ಬಂದಾಗ ನಾವು ಟೈಪ್ ಮಾಡಿದರೆ ಒಪ್ಪಿಕೊಳ್ಳುತ್ತಿದ್ದ ಪದಗಳು 12,972. ಅದರಲ್ಲಿ ಉತ್ತರವಾಗಿ ಬರಬಹುದಾದವು 2,315 ಮಾತ್ರ.

ಈ ಎರಡು ಸಂಖ್ಯೆಗಳ ನಡುವಿನ ಕಥೆ ಚೆನ್ನಾಗಿದೆ. ಆಟ ಕಟ್ಟಿದವರು ಜಾಶ್ ವಾರ್ಡಲ್. ವೇಲ್ಸ್ ಮೂಲದವರು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಪದದಾಟ ಇಷ್ಟಪಡುವ ಸಂಗಾತಿ ಪಲಕ್ ಷಾ ಅವರಿಗಾಗಿ ಮಾಡಿದ್ದು. ಯಾರೂ ಕೇಳಿರದ ಪದಗಳೇ ಉತ್ತರವಾದರೆ ಆಟಕ್ಕೆ ಏನು ರುಚಿ? ಹಾಗಾಗಿ ಪಲಕ್ ಆ ಸಾವಿರಾರು ಪದಗಳನ್ನು ಒಂದೊಂದಾಗಿ ನೋಡಿ ತಮಗೆ ಗೊತ್ತು, ಗೊತ್ತಿಲ್ಲ ಎಂದು ಜರಡಿ ಹಿಡಿದರು. ಅಕ್ಕಿ ಆರಿಸಿದ ಹಾಗೆ. ಕೊನೆಗೆ ಎರಡು ಸಾವಿರ ಚಿಲ್ಲರೆ ಉಳಿದವು.

2021ರ ನವೆಂಬರ್ 1ರಂದು ಆಡಿದವರು 90 ಜನ. 2022ರ ಜನವರಿ ಶುರುವಿನಲ್ಲಿ 3 ಲಕ್ಷ. ಅದೇ ತಿಂಗಳ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಆಟವನ್ನೇ ಕೊಂಡುಕೊಂಡಿತು.

ಯಾವ ಅಕ್ಷರದಲ್ಲಿ ಜಾಸ್ತಿ ಪದ, ಯಾವುದರಲ್ಲಿ ಕಡಿಮೆ?

ಮೂಲ ಉತ್ತರಗಳ ಪಟ್ಟಿಯ ಲೆಕ್ಕ ಹೇಳುತ್ತೇನೆ. ಎಸ್ 366. ಎರಡನೆಯದು ಸಿ, 198. ನೋಡಿ, ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಆಮೇಲೆ ಬಿ 173, ಟಿ 149, ಪಿ 142, ಎ 141, ಎಫ್ 136. ನೂರರ ಆಸುಪಾಸಿನಲ್ಲಿ ಜಿ 115, ಡಿ 111, ಎಂ 107, ಆರ್ 105. ಅಲ್ಲಿಂದ ಎಲ್ 88, ಡಬ್ಲ್ಯು 83, ಇ 72, ಎಚ್ 69. ಐವತ್ತರ ಕೆಳಗೆ ವಿ 43, ಒ 41, ಎನ್ 37, ಐ 34, ಯು 33. ಬಾಲದಲ್ಲಿ ಕ್ಯು 23, ಕೆ ಮತ್ತು ಜೆ ತಲಾ 20, ವೈ 6, ಜೆಡ್ 3. ಎಕ್ಸ್ ಸೊನ್ನೆ.

ಇ ನೋಡಿ ಆಶ್ಚರ್ಯವಾಗಬಹುದು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯ ಅಕ್ಷರ ಅದು. ಆದರೆ ಅದಕ್ಕೆ ಮುಂದಿನ ಬೆಂಚಿಗಿಂತ ಹಿಂದಿನ ಬೆಂಚೇ ಇಷ್ಟ. ಶುರುವಿನಲ್ಲಿ 72 ಪದ, ಕೊನೆಯಲ್ಲಿ 424.

ಎಸ್ ಯಾಕೆ ಅಷ್ಟೊಂದು?

ಎಸ್ ಯಾರ ಜೊತೆ ಬೇಕಾದರೂ ಹೊಂದಿಕೊಳ್ಳುತ್ತದೆ. ಪದದ ಶುರುವಿನಲ್ಲಿ ಬಿ ಪಕ್ಕ ವ್ಯಂಜನ ಬಂದರೆ ಸಾಮಾನ್ಯವಾಗಿ ಎಲ್ ಅಥವಾ ಆರ್, ಅಷ್ಟೇ. ಎಸ್ ಹಾಗಲ್ಲ. ಸ್ಟೋನ್, ಸ್ಪೂನ್, ಸ್ಕೇಲ್, ಸ್ಕರ್ಟ್, ಸ್ಲೇಟ್, ಸ್ಮೈಲ್, ಸ್ನೇಕ್, ಸ್ವೀಟ್, ಶಾರ್ಪ್, ಸ್ಕ್ವಾಡ್. ಇಷ್ಟು ಜೋಡಿಗಳು ಬೇರೆ ಯಾವ ಅಕ್ಷರಕ್ಕೂ ಇಲ್ಲ. ಅದರಲ್ಲೂ ಎಸ್-ಟಿ ದೊಡ್ಡ ಸಂಸಾರ. ಸ್ಟಾಂಪ್, ಸ್ಟಾರ್ಟ್, ಸ್ಟೀಲ್, ಸ್ಟೂಲ್, ಸ್ಟೋರ್, ಸ್ಟಿಕ್, ಸ್ಟಾಕ್... ಹೇಳುತ್ತಾ ಹೋದರೆ ಕಾಫಿ ಆರುತ್ತದೆ.

ನಮ್ಮ ನಾಲಿಗೆಗೆ ಇದು ಒಗ್ಗಿದ ಸದ್ದಲ್ಲ. ಅಚ್ಚಗನ್ನಡ ಪದಗಳು ಒತ್ತಕ್ಷರದಿಂದ ಶುರುವಾಗುವುದು ಬಹಳ ಅಪರೂಪ. ಅದಕ್ಕೇ ನಮ್ಮಜ್ಜಿ ಇಸ್ಕೂಲು ಅನ್ನುತ್ತಿದ್ದರು, ಟೇಸನ್ನು ಅನ್ನುತ್ತಿದ್ದರು. ಒಂದೋ ಮುಂದೆ ಸ್ವರ ಸೇರಿಸುವುದು, ಇಲ್ಲಾ ಎಸ್ ಅನ್ನೇ ಬಿಟ್ಟುಬಿಡುವುದು.

ಹಾಗಾದರೆ ಎಸ್ ಕೊನೆಯಲ್ಲೂ ಜಾಸ್ತಿ ಇರಬೇಕಲ್ಲ? ಬುಕ್ಸ್, ಕಾರ್ಡ್ಸ್...

ಟೈಪ್ ಮಾಡಿದರೆ ಆಟ ಒಪ್ಪುತ್ತದೆ. ಉತ್ತರವಾಗಿ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ನಾಲ್ಕಕ್ಷರದ ಪದಕ್ಕೆ ಎಸ್ ಅಂಟಿಸಿ ಐದು ಮಾಡಿದ ಬಹುವಚನಗಳನ್ನು ಮೂಲ ಪಟ್ಟಿಯಿಂದ ದೂರ ಇಟ್ಟಿದ್ದರು. ಹಾಗಾಗಿ ಎಸ್ ಇಂದ ಮುಗಿಯುವ ಉತ್ತರಗಳು ಬರೀ 36. ಬೋನಸ್, ವೈರಸ್, ಫೋಕಸ್, ಗ್ಲಾಸ್, ಇಂಥವು. ಶುರುವಿನಲ್ಲಿ 366, ಕೊನೆಯಲ್ಲಿ 36. ಈ ಒಂದು ವಿಷಯ ನೆನಪಿಟ್ಟರೆ ಎಷ್ಟೋ ದಂಡದ ಊಹೆ ತಪ್ಪುತ್ತದೆ.

ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ತದ್ವಿರುದ್ಧ. ಅಲ್ಲಿ ಬಹುವಚನದ ಎಸ್ ಚಿನ್ನ. ಇಡೀ ಡಬ್ಬದಲ್ಲಿ ನಾಲ್ಕೇ ಎಸ್ ಬಿಲ್ಲೆ ಇರುವುದು.

ಕೆ ಪಟ್ಟಿ ಇಷ್ಟು ಚಿಕ್ಕದಾ? ನಮಗೆ ‘ಕ’ ಅಂದರೆ ಎಷ್ಟೊಂದು ಪದ!

ಇಂಗ್ಲಿಷಿನ ‘ಕ’ ಸದ್ದನ್ನೆಲ್ಲ ಸಿ ಹೊತ್ತುಕೊಂಡು ಹೋಗಿದೆ. ಕ್ಲಾಸ್, ಕ್ರೀಂ, ಕ್ಯಾಮೆಲ್, ಕೌಂಟ್, ಎಲ್ಲ ಅಲ್ಲಿಗೇ. ಕೆ ಗೆ ಉಳಿದದ್ದು 20. ಅದರಲ್ಲೂ ಸರಿಯಾಗಿ ಅರ್ಧ, ಹತ್ತು ಪದ, ‘ನ’ ಎಂದು ಓದುವಂಥವು! ನೈಫ್, ನಾಕ್, ನೋನ್, ನ್ಯಾಕ್, ನೀಲ್, ನೆಲ್ಟ್, ನೀಡ್ ಅಂದರೆ ಹಿಟ್ಟು ನಾದು, ಇನ್ನೊಂದು ನೀಡ್ ಅಂದರೆ ಮೊಣಕಾಲಿನಿಂದ ಒದ್ದ, ನೇವ್, ನೋಲ್. ಎಲ್ಲಕ್ಕೂ ಮುಂದೆ ಮೂಕ ಕೆ.

ಈ ಕೆ ಹಿಂದೆ ಮೂಕ ಆಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಕ್ನ’ ಎಂದೇ ಹೇಳುತ್ತಿದ್ದರು. ಜರ್ಮನ್ನರು ಮೊಣಕಾಲಿಗೆ ಇವತ್ತಿಗೂ ‘ಕ್ನೀ’ ಎನ್ನುತ್ತಾರೆ. ಇಂಗ್ಲಿಷರ ನಾಲಿಗೆ 17ನೇ ಶತಮಾನದ ಹೊತ್ತಿಗೆ ಕೆ ಬಿಟ್ಟಿತು. ಅಷ್ಟರಲ್ಲಿ ಅಚ್ಚಿನ ಮೊಳೆಗಳು ಬಂದು ಸ್ಪೆಲ್ಲಿಂಗ್ ಗಟ್ಟಿಯಾಗಿತ್ತು. ಸದ್ದು ಹೋಯಿತು, ಅಕ್ಷರ ಉಳಿಯಿತು. ಮದುವೆ ಮುಗಿದು ಎರಡು ವರ್ಷವಾದರೂ ಬಾಗಿಲಲ್ಲಿ ಒಣಗಿ ನೇತಾಡುವ ತೋರಣದ ಹಾಗೆ.

ಉಳಿದ ಹತ್ತರಲ್ಲಿ ಊರೂರಿನ ನೆಂಟರು ಸೇರಿದ್ದಾರೆ. ಕೆಬಾಬ್ ಅರಬ್ಬೀ ಕಡೆಯಿಂದ, ಕಯಾಕ್ ಹಿಮದ ನಾಡಿನ ಇನ್ಯುಯಿಟ್ ಜನರಿಂದ, ಕೋಲಾ ಆಸ್ಟ್ರೇಲಿಯಾದಿಂದ, ಕಪ್ಪಾ ಗ್ರೀಕ್ ಅಕ್ಷರಮಾಲೆಯಿಂದ. ಖಾಕಿ ನಮ್ಮ ಕಡೆಯದು, ಉರ್ದುವಿನ ಧೂಳಿನ ಬಣ್ಣ. ಕರ್ಮ ಯಾರದು ಎಂದು ಹೇಳಬೇಕಿಲ್ಲ.

ಕ್ಯು ಇಂದ ಶುರುವಾಗುವ ಪದ ಅಂದರೆ ತಲೆ ಓಡುವುದೇ ಇಲ್ಲ. ಏನು ಮಾಡಲಿ?

ನಿಜವಾಗಿ ಇದು ಅತಿ ಸುಲಭದ ಪಟ್ಟಿ. 23 ಪದಗಳಲ್ಲೂ ಎರಡನೇ ಅಕ್ಷರ ಯು. ಒಂದು ಅಕ್ಷರ ಗೊತ್ತಾದರೆ ಎರಡು ಗೊತ್ತಾದಂತೆ, ಪುಕ್ಕಟೆ. ಮೂರನೆಯದು ಎ, ಇ, ಐ, ಒ ಪೈಕಿ ಒಂದು.

ಪೂರ್ತಿ ಪಟ್ಟಿಯನ್ನೇ ಹೇಳಿಬಿಡುತ್ತೇನೆ. ಎ ಗುಂಪಿನಲ್ಲಿ ಕ್ವ್ಯಾಕ್, ಕ್ವೇಲ್, ಕ್ವೇಕ್, ಕ್ವಾಮ್, ಕ್ವಾರ್ಕ್, ಕ್ವಾರ್ಟ್, ಕ್ವಾಶ್, ಕ್ವಾಸಿ. ಇ ಗುಂಪಿನಲ್ಲಿ ಕ್ವೀನ್, ಕ್ವೀರ್, ಕ್ವೆಲ್, ಕ್ವೆರಿ, ಕ್ವೆಸ್ಟ್, ಮತ್ತೆ ನಮ್ಮ ಕ್ಯೂ. ಐ ಗುಂಪಿನಲ್ಲಿ ಕ್ವಿಕ್, ಕ್ವಯಟ್, ಕ್ವಿಲ್, ಕ್ವಿಲ್ಟ್, ಕ್ವಿರ್ಕ್, ಕ್ವೈಟ್. ಒ ಗುಂಪಿನಲ್ಲಿ ಕೋಟಾ, ಕೋಟ್, ಕ್ವೋತ್. ಕೊನೆಯದು ‘ಎಂದನು’ ಎನ್ನುವ ಹಳಗಾಲದ ಮಾತು, ಈಗ ಯಾರೂ ಬಳಸುವುದಿಲ್ಲ.

ಕೋಟಾ ಕೆಲವರಿಗೆ ಹೊಳೆಯುವುದೇ ಇಲ್ಲ. ನಾವು ಸೀಟು ಹಂಚಿಕೆಯ ಕೋಟಾ, ಕಾಂಟ್ರ್ಯಾಕ್ಟರ್ ಕೊಡುವ ಕೊಟೇಶನ್ ಎಂದು ‘ಕೊ’ದಲ್ಲೇ ಹೇಳುತ್ತೇವೆ. ಕ್ಯು ನೆನಪಾಗುವುದು ಎಲ್ಲಿಂದ? ಇನ್ನು ಕ್ವಯಟ್, ಕ್ವೈಟ್ ಎರಡರಲ್ಲೂ ಅವೇ ಐದು ಅಕ್ಷರ. ಕೊನೆಯ ಇ, ಟಿ ಜಾಗ ಬದಲಿಸಿವೆ ಅಷ್ಟೇ. ಆಫೀಸ್ ಮೇಲ್‌ನಲ್ಲಿ ಇವು ಅದಲುಬದಲಾಗುವುದನ್ನು ದಿನಾ ನೋಡುತ್ತೇನೆ.

ಕ್ವೀನ್, ಕ್ವಿಕ್ ಮೊದಲು ಈ ಪಟ್ಟಿಯಲ್ಲೇ ಇರಲಿಲ್ಲ ಎಂದರೆ ನಂಬುತ್ತೀರಾ? ಹಳೆಯ ಇಂಗ್ಲಿಷಿನಲ್ಲಿ ಇವು ಸಿ ಇಂದ ಶುರುವಾಗುತ್ತಿದ್ದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಆಮೇಲೆ ಬಂದ ಅವರ ಬರಹಗಾರರು ತಮಗೆ ರೂಢಿಯಿದ್ದ ಹಾಗೆ ಕ್ಯು-ಯು ಎಂದು ಬರೆಯತೊಡಗಿದರು. ರಾಣಿಯ ವಿಳಾಸವೇ ಬದಲಾಯಿತು.

ಯು ಇಲ್ಲದ ಕ್ಯು ಪದ ಐದಕ್ಷರದಲ್ಲಿ ಇಲ್ಲವೇ ಇಲ್ಲವಾ?

ಸ್ಕ್ರ್ಯಾಬಲ್ ಪದಕೋಶದಲ್ಲಿ ಇವೆ. ನನಗೆ ಇಷ್ಟವಾದದ್ದು ಕನಾತ್, ಕ್ಯು-ಎ-ಎನ್-ಎ-ಟಿ. ನೆಲದೊಳಗೆ ಸುರಂಗ ತೋಡಿ, ನಡುನಡುವೆ ಬಾವಿಯಂಥ ಕಿಂಡಿ ಬಿಟ್ಟು, ಇಳಿಜಾರಿನಲ್ಲಿ ನೀರು ಹರಿಸುವ ಪರ್ಷಿಯಾದ ಪದ್ಧತಿ. ನಮ್ಮಲ್ಲಿ ಅದನ್ನು ನೋಡಬೇಕಾದರೆ ಬೀದರಿಗೆ ಹೋಗಿ. ನೌಬಾದ್‌ನ ಕರೇಜ್ ಇದೇ. ಬಹಮನಿ ಕಾಲದ್ದು, ಊರಿನವರ ಬಾಯಲ್ಲಿ ಸುರಂಗ ಬಾವಿ. ವಿಜಯಪುರದಲ್ಲೂ ಇದೆ.

ಕ್ಯು ಬಿಲ್ಲೆಗೆ ಸ್ಕ್ರ್ಯಾಬಲ್‌ನಲ್ಲಿ 10 ಅಂಕ. ಯು ಕೈಯಲ್ಲಿಲ್ಲದೆ ಕ್ಯು ಹಿಡಿದು ಕೂತಾಗ ಈ ಪದ ಗೊತ್ತಿದ್ದರೆ ಎದುರಿನವರ ಮುಖ ನೋಡಬೇಕು.

ಎಕ್ಸ್, ವೈ, ಜೆಡ್?

ಬೇಗ ಮುಗಿಯುತ್ತದೆ. ವೈ ಆರು: ಯಾಟ್ ಎಂಬ ವಿಹಾರದ ದೋಣಿ, ಯರ್ನ್, ಯೀಸ್ಟ್, ಯೀಲ್ಡ್, ಯಂಗ್, ಯೂತ್. ಜೆಡ್ ಮೂರು: ಜೀಬ್ರಾ, ಜೆಸ್ಟಿ, ಜೋನಲ್. ಎಕ್ಸ್ ಇಂದ ಉತ್ತರಗಳಿಲ್ಲ, ಆದರೆ ಪದಗಳಿವೆ. ಜೆನಾನ್ ಅನಿಲ, ಗಿಡದೊಳಗೆ ನೀರು ಏರಿಸುವ ಜೈಲೆಮ್. ಹೈಸ್ಕೂಲ್ ವಿಜ್ಞಾನ ಓದಿದವರಿಗೆ ಎರಡೂ ಗೊತ್ತು.

ನಮ್ಮ ಕಡೆಯಿಂದ ಹೋದ ಪದಗಳು ಇನ್ಯಾವುವು?

ಕರ್ಮ, ಖಾಕಿ ಹೇಳಿದೆ. ಆರ್ ಕೆಳಗೆ ರಾಜಾ ಇದ್ದಾನೆ, ಕೊನೆಗೆ ಎಚ್ ಸೇರಿಸಿ ಐದಕ್ಷರ ಮಾಡಿದ್ದಾರೆ. ಸಿ ಕೆಳಗೆ ಕರ್ರಿ, ತಮಿಳಿನ ‘ಕರಿ’ಯಿಂದ. ಎಂ ಕೆಳಗೆ ಮ್ಯಾಂಗೋ, ದಕ್ಷಿಣದ ‘ಮಾಂಗಾ’ ಪೋರ್ಚುಗೀಸರ ಹಡಗು ಹತ್ತಿ ಹೋದದ್ದು. ಬಿ ಕೆಳಗೆ ಬೀಟಲ್ ಅಂದರೆ ವೀಳ್ಯದೆಲೆ, ಮಲಯಾಳಂನ ‘ವೆಟ್ಟಿಲ’ದಿಂದ, ಅದೂ ಪೋರ್ಚುಗೀಸರ ಮೂಲಕವೇ. ಎ ಕೆಳಗೆ ಅರೆಕಾ, ಮಲಯಾಳಂನ ‘ಅಡಕ್ಕ’, ಅಂದರೆ ನಮ್ಮ ಅಡಿಕೆಯ ಒಡಹುಟ್ಟು. ಅರೆಕಾ ಉತ್ತರಗಳ ಪಟ್ಟಿಯಲ್ಲಿ ಇರಲಿಲ್ಲ, ಬೀಟಲ್ ಇತ್ತು. ಶಿರಸಿ, ಸಾಗರದ ಕಡೆಯವರು ಇದನ್ನು ಒಪ್ಪುತ್ತಾರಾ? ಎಲೆ ಇಟ್ಟು ಅಡಿಕೆ ಮರೆತರೆ ಅದು ಎಂಥ ತಾಂಬೂಲ?

ಸ್ಕೂಲಲ್ಲಿ ಕಲಿತ ಸ್ಪೆಲ್ಲಿಂಗ್ ಹಾಕಿದರೆ ಜಾಗ ಸಾಲುವುದಿಲ್ಲವಲ್ಲ?

ನಾವು ಕಲಿತದ್ದು ಬ್ರಿಟಿಷ್ ಸ್ಪೆಲ್ಲಿಂಗ್, ಆಟ ಇರುವುದು ಅಮೆರಿಕದ್ದು. ನಮ್ಮ ಕಲರ್, ಹ್ಯೂಮರ್, ಫೇವರ್ ಮೂರರಲ್ಲೂ ಯು ಸೇರಿ ಆರಕ್ಷರ. ಅಮೆರಿಕನ್ನರು ಯು ಕಿತ್ತುಹಾಕಿ ಐದು ಮಾಡಿಕೊಂಡಿದ್ದಾರೆ. 2022ರ ಶುರುವಿನಲ್ಲಿ ಹ್ಯೂಮರ್, ಫೇವರ್ ಎರಡೂ ಉತ್ತರವಾಗಿ ಬಂದಾಗ ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆ. ನಮ್ಮ ಗುಂಪಿನಲ್ಲೂ ಅಮ್ಮ ಬಹಳ ಕೋಪ ಮಾಡಿಕೊಂಡರು. 32 ವರ್ಷ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವರು. ಯು ಬಿಟ್ಟ ಮಕ್ಕಳಿಗೆ ಅರ್ಧ ಅಂಕ ಕಳೆದವರು.

ಮೊದಲ ಅಕ್ಷರ ಹಸಿರಾಯಿತು. ಆಮೇಲೆ ಪಟ್ಟಿ ನೋಡಿ ಒಂದೊಂದೇ ಹಾಕುತ್ತಾ ಹೋದರೆ ಸಾಕಾ?

ಬೇಡ. ಹಾಗೆ ಮಾಡಿ ಸತತ 143 ದಿನದ ಗೆಲುವಿನ ಸಾಲು ಕಳೆದುಕೊಂಡವನು ಹೇಳುತ್ತಿದ್ದೇನೆ, ಕೇಳಿ.

ಅವತ್ತು ಮೊದಲು ಸ್ಲೇಟ್ ಹಾಕಿದೆ. ಎಸ್, ಎ, ಇ ಮೂರೂ ಹಸಿರು. ಎರಡನೆಯದು, ನಾಲ್ಕನೆಯದು ಮಾತ್ರ ಖಾಲಿ. ಇನ್ನೇನು ಎರಡು ನಿಮಿಷದ ಕೆಲಸ ಅಂದುಕೊಂಡೆ. ಶೇರ್ ಹಾಕಿದೆ. ಎಚ್ ಕೂಡ ಹಸಿರು. ಈಗ ಒಂದೇ ಅಕ್ಷರ ಬಾಕಿ. ಶೇಪ್. ಅಲ್ಲ. ಶೇಮ್. ಅಲ್ಲ. ಶೇಕ್. ಅಲ್ಲ. ಕೈ ಬೆವರಿತು. ಉಳಿದದ್ದು ಎರಡು ಪದ, ಒಂದು ಅವಕಾಶ. ಶೇಡ್ ಹಾಕಿದೆ. ಉತ್ತರ ಶೇವ್. ಆ ಬೆಳಿಗ್ಗೆ ಗಡ್ಡ ಬೋಳಿಸುವಾಗ ಕನ್ನಡಿ ನೋಡೋಕೂ ಮನಸ್ಸಾಗಲಿಲ್ಲ.

ತಪ್ಪು ಎಲ್ಲಾಯಿತು? ಶೇರ್ ಆದ ಮೇಲೆ ಉಳಿದಿದ್ದು ಐದು ಪದ. ವ್ಯತ್ಯಾಸ ನಾಲ್ಕನೇ ಅಕ್ಷರದಲ್ಲಿ ಮಾತ್ರ: ಡಿ, ಕೆ, ಎಂ, ಪಿ, ವಿ. ಒಂದೊಂದಾಗಿ ಬಾಗಿಲು ತಟ್ಟುವ ಬದಲು ಉತ್ತರವಲ್ಲ ಎಂದು ಗೊತ್ತಿದ್ದೇ ಡಂಪಿ ಎಂದು ಹಾಕಬೇಕಿತ್ತು, ಡಿ-ಯು-ಎಂ-ಪಿ-ವೈ. ಒಂದೇ ಏಟಿಗೆ ಡಿ, ಎಂ, ಪಿ ಮೂರರ ವಿಚಾರಣೆ ಆಗುತ್ತಿತ್ತು. ಒಂದಕ್ಕೆ ಬಣ್ಣ ಬಂದರೆ ಉತ್ತರ ಸಿಕ್ಕಂತೆ. ಯಾವುದಕ್ಕೂ ಬರದಿದ್ದರೆ ಶೇಕ್, ಶೇವ್ ಎರಡೇ ಉಳಿಯುತ್ತವೆ. ಐದನೇ ಊಹೆಯೊಳಗೆ ಮುಗಿಯುತ್ತಿತ್ತು. ಆಟದ ‘ಹಾರ್ಡ್ ಮೋಡ್’ ಹಾಕಿಕೊಂಡವರಿಗೆ ಮಾತ್ರ ಈ ದಾರಿ ಇಲ್ಲ. ಅಲ್ಲಿ ಸಿಕ್ಕ ಹಸಿರನ್ನು ಬಿಡುವಂತಿಲ್ಲ.

ಎಸ್ ಪಟ್ಟಿಯಲ್ಲಿ ಇಂಥ ಗುಂಡಿಗಳು ಬಹಳ. ಸ್ಪೈಸ್, ಸ್ಪೈಕ್, ಸ್ಪೈನ್, ಸ್ಪೈರ್, ಸ್ಪೈಟ್ ಒಂದು ಗುಂಡಿ. ಸ್ಟೇಜ್, ಸ್ಟೇಕ್, ಸ್ಟೇಲ್, ಸ್ಟೇರ್, ಸ್ಟೇಟ್, ಸ್ಟೇವ್ ಇನ್ನೊಂದು. ನಾನು ಪಟ್ಟಿಯಲ್ಲಿ ಇವನ್ನು ಕೆಂಪು ಗೆರೆ ಎಳೆದು ಇಟ್ಟಿದ್ದೇನೆ.

ಮೊದಲ ಊಹೆಗೆ ಯಾವ ಪದ ಒಳ್ಳೆಯದು?

ಕಂಪ್ಯೂಟರ್ ಲೆಕ್ಕ ಹಾಕಿದವರು ಮೂಲ ಪಟ್ಟಿಗೆ ಸ್ಯಾಲೆಟ್ ಅನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದಾರೆ, ಎಸ್-ಎ-ಎಲ್-ಇ-ಟಿ. ಅದೊಂದು ಹಳೆಯ ಕಾಲದ ಶಿರಸ್ತ್ರಾಣ. ಆಮೇಲಿನ ಊಹೆಗಳನ್ನೂ ತಪ್ಪಿಲ್ಲದೆ ಆಡಿದರೆ ಸರಾಸರಿ 3.42 ಊಹೆಗೆ ಆಟ ಮುಗಿಯುತ್ತದೆ. ಮನುಷ್ಯರು ಹಾಗೆ ಆಡುವುದಿಲ್ಲ. ಸ್ಲೇಟ್, ಕ್ರೇನ್ ಸಾಕು. ಅಮ್ಮ ಎರಡು ವರ್ಷದಿಂದ ದಿನಾ ಹೌಸ್ ಹಾಕುತ್ತಾರೆ. ಗೃಹಪ್ರವೇಶ ಆಗದೆ ಆಟ ಶುರುವಾಗಬಾರದಂತೆ.

ಪಟ್ಟಿ ಬಾಯಿಪಾಠ ಮಾಡಿದರೆ ಲಾಭವಿದೆಯಾ?

ಸ್ಕ್ರ್ಯಾಬಲ್ ಪಂದ್ಯಕ್ಕೆ ಹೋಗುವವರಿಗೆ ಇದೆ. ಉಳಿದವರಿಗೆ ಶುದ್ಧ ದಂಡ. ಈಗಂತೂ ಉತ್ತರಗಳ ಪಟ್ಟಿ ಮುಚ್ಚಿದ ಡಬ್ಬವೂ ಅಲ್ಲ. ಆಟ ಕೊಂಡ ಪತ್ರಿಕೆಯ ಸಂಪಾದಕರು ಹೊಸ ಪದ ಸೇರಿಸುತ್ತಾರೆ. ಬಾಯಲ್ಲಿಟ್ಟು ಊದುವ ಕಜೂ ಎಂಬ ವಾದ್ಯ ಹಾಗೆ ಬಂದದ್ದು. ನಾನು ಹೇಳಿದ 2,315ರ ಲೆಕ್ಕ ಪದಗಳ ಅಂದಾಜಿಗೆ ಒಳ್ಳೆಯದು, ಭವಿಷ್ಯ ಹೇಳುವುದಕ್ಕಲ್ಲ.

ಮಕ್ಕಳ ಹೋಂವರ್ಕ್‌ಗೆ ‘ಬಿ ಇಂದ ಶುರುವಾಗುವ ಐದಕ್ಷರದ ಹತ್ತು ಪದ’ ಎಂದು ಕೊಡುತ್ತಾರೆ. ಪಟ್ಟಿ ಕೈಗೆ ಕೊಡಬೇಡಿ. ಬ್ರೆಡ್, ಬ್ರಷ್, ಬ್ಲ್ಯಾಕ್, ಬ್ರೌನ್, ಬೋರ್ಡ್, ಬೆಂಚ್: ಮನೆ, ಸ್ಕೂಲು ಸುತ್ತಿದರೆ ಆರು ಸಿಕ್ಕಿತು. ನಾವು ಕರೆಂಟ್ ಹೋದಾಗ ನೇಮ್-ಪ್ಲೇಸ್-ಅನಿಮಲ್-ಥಿಂಗ್ ಆಡುತ್ತಿದ್ದೆವಲ್ಲ, ಅದೂ ಮೊದಲಕ್ಷರದ ಆಟವೇ. ಮೇಣದ ಬತ್ತಿ ಬೆಳಕಲ್ಲಿ ‘ಕೆ ಗೆ ಪ್ಲೇಸ್ ಕೋಲಾರ’ ಎಂದು ಐದು ಜನರೂ ಬರೆದು ಐದೈದೇ ಅಂಕ ತೆಗೆದುಕೊಂಡ ನೆನಪು.

ಇಂಥ ಪಟ್ಟಿ ನಾನೇ ಮಾಡಿಕೊಳ್ಳುವುದು ಹೇಗೆ?

ಒಂದು ಪದಪಟ್ಟಿಯ ಫೈಲ್ ಬೇಕು, ಸಾಲಿಗೊಂದು ಪದ. ಎಕ್ಸೆಲ್‌ನಲ್ಲಿ ಹಾಕಿ, ಪಕ್ಕದ ಕಾಲಂನಲ್ಲಿ ಉದ್ದ ಎಣಿಸುವ ಲೆನ್ ಫಾರ್ಮುಲಾ ಕೊಡಿ, 5 ಬಂದದ್ದನ್ನು ಫಿಲ್ಟರ್ ಮಾಡಿ, ಎ ಟು ಜೆಡ್ ಜೋಡಿಸಿ. ಲಿನಕ್ಸ್ ಬಲ್ಲವರಿಗೆ ಗ್ರೆಪ್‌ನ ಒಂದು ಸಾಲು ಸಾಕು: ಟೋಪಿ ಚಿಹ್ನೆ, ಎಸ್, ನಾಲ್ಕು ಚುಕ್ಕೆ, ಡಾಲರ್. ಅಂದರೆ ಎಸ್ ಇಂದ ಶುರುವಾಗಿ ಇನ್ನು ನಾಲ್ಕೇ ಅಕ್ಷರಕ್ಕೆ ಮುಗಿಯಬೇಕು.

ನಾನು ಮೊದಲ ಸಲ ಹೀಗೆ ಮಾಡಿದಾಗ ಬಂದ ಪದಗಳು ವಿಚಿತ್ರವಾಗಿದ್ದವು. ಸ್ಯಾಲೆಟ್ ಇಲ್ಲ, ಸ್ಲೇಟ್ ಇಲ್ಲ, ಬರೀ ಸಾಲ್ಟ್, ಸೋಪ್, ಸೂಪ್. ಎಲ್ಲ ನಾಲ್ಕಕ್ಷರದವು! ಅರ್ಧ ರಾತ್ರಿ ತಲೆ ಕೆಡಿಸಿಕೊಂಡೆ. ಫೈಲ್ ವಿಂಡೋಸ್‌ನಲ್ಲಿ ಉಳಿಸಿದ್ದು. ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಇನ್ನೊಂದು ಚಿಹ್ನೆ ಕೂತಿತ್ತು. ಕಂಪ್ಯೂಟರ್ ಅದನ್ನೂ ಸೇರಿಸಿ ಎಣಿಸುತ್ತಿತ್ತು. ಅದನ್ನು ತೆಗೆದ ಮೇಲೆ ಎಲ್ಲ ಸರಿಹೋಯಿತು. ಸೈಮನ್‌ನಂಥ ಹೆಸರುಗಳೂ ನುಸುಳಿರುತ್ತವೆ. ದೊಡ್ಡಕ್ಷರದಿಂದ ಶುರುವಾದದ್ದನ್ನು ಕೈಬಿಡಿ.

ಇದೇ ರೀತಿ ಕನ್ನಡದ್ದೂ ಮಾಡಬಹುದಾ? ‘ಕ’ ಇಂದ ಮೂರಕ್ಷರದ ಪದ...

ಬಾಯಲ್ಲಿ ಸುಲಭ. ಕಮಲ, ಕನಸು, ಕಡಲು, ಕರಡಿ, ಕವಡೆ. ಕಂಪ್ಯೂಟರಿಗೆ ಹೇಳಿಕೊಡುವುದೇ ಕಷ್ಟ. ಅದು ಕಮಲವನ್ನು ಸರಿಯಾಗಿ ಮೂರು ಎನ್ನುತ್ತದೆ. ಕನಸು ಎಂದರೆ ನಾಲ್ಕು ಎನ್ನುತ್ತದೆ, ಯಾಕೆಂದರೆ ಸ ಬೇರೆ, ಅದರ ಕೊಂಬು ಬೇರೆ. ಮಜ್ಜಿಗೆ ನಮಗೆ ಮೂರು, ಅದಕ್ಕೆ ಏಳು: ಮ, ಜ, ಅರ್ಧ ಮಾಡುವ ಚಿಹ್ನೆ, ಮತ್ತೆ ಜ, ಗುಡಿಸು, ಗ, ಎತ್ವ. ಹಾಗಾಗಿ ಲೆನ್ ಫಾರ್ಮುಲಾ ನಂಬಿ ಕೂತರೆ ಪಟ್ಟಿ ಪೂರಾ ಕಲಸುಮೇಲೋಗರ. ಗುಣಿತದ ಚಿಹ್ನೆಗಳನ್ನು ಬಿಟ್ಟು, ಒತ್ತನ್ನು ಹಿಂದಿನ ಅಕ್ಷರದ ಜೊತೆ ಸೇರಿಸಿ ಎಣಿಸುವ ಸಣ್ಣ ಪ್ರೋಗ್ರಾಂ ಬರೆಯಬೇಕು. ನನ್ನದು ಅರ್ಧ ಆಗಿದೆ, ಅನುಸ್ವಾರದ ಹತ್ತಿರ ಎಡವುತ್ತಿದೆ.

ಪರೀಕ್ಷೆಗೆಂದು ಅದಕ್ಕೆ ಮೊದಲು ಕೊಟ್ಟ ಪದ ಕ್ಯೂ. ಇಂಗ್ಲಿಷಿನಲ್ಲಿ ಐದು, ನಮ್ಮಲ್ಲಿ ಒಂದು. ಕಂಪ್ಯೂಟರ್ ನಾಲ್ಕು ಎಂದಿತು.